ಹಡಗಿನ ಅಟ್ಟಕ್ಕೆ ಯಾವ ಹೊದಿಕೆ?

ಕರಾವಳಿಯ ಹಳೆಯ ಮನೆಗಳನ್ನು ಗಮನವಿಟ್ಟು ನೋಡಿದವರಿಗೆ ಈ ಸಂಗತಿ ಅಪರಿಚಿತವಾಗಿರಲಾರದು: ಯಾವ ಬಣ್ಣವನ್ನೂ ಕಾಣದೆ ತಲೆಮಾರುಗಳ ಮಳೆಗೆ ಮೈಯೊಡ್ಡಿದ ತೇಗದ ಕಂಬವೊಂದು ಬೂದಿಯ ವರ್ಣಕ್ಕೆ ತಿರುಗಿಯೂ ದೃಢವಾಗಿ ನಿಂತಿರುವಾಗ, ಅದೇ ಮನೆಗೆ ತರುವಾಯ ಸೇರಿಸಿ, ಎರಡು ಕೈ ವಾರ್ನಿಷ್ ಬಳಿದು ಹೊಳಪೇರಿಸಿದ ಕಿಟಕಿಯ ಕೆಳಪಟ್ಟಿ ಕೆಲವೇ ವರ್ಷಗಳಲ್ಲಿ ಹೊಪ್ಪಳೆ ಎದ್ದು, ಬೆರಳಿನಿಂದ ಒತ್ತಿದರೆ ಕುಸಿಯುವಷ್ಟು ಮೆತ್ತಗಾಗಿರುತ್ತದೆ. ಬಣ್ಣ ಬಳಿಯುವುದು ಮರವನ್ನು ಉಳಿಸುವುದಕ್ಕೆ ಎಂದು ನಾವೆಲ್ಲರೂ ನಂಬಿರುವೆವಷ್ಟೆ. ಹಾಗಿದ್ದ ಮೇಲೆ ಈ ವೈಪರೀತ್ಯವೇಕೆ?

ಮರದ ದೋಣಿ, ಮಂಜಿಗಳನ್ನು ನಡೆಸುವವರಲ್ಲಿಯೂ ಇಂತಹುದೇ ಒಂದು ಅನುಭವವುಂಟು. ಹಗಲಿರುಳೂ ಕಡಲ ನೀರಿನಲ್ಲಿ ಮುಳುಗಿರುವ ತಳದ ಹಲಗೆಗಳನ್ನು ಹಡಗುಹುಳು ಕೊರೆಯಬಹುದೇ ಹೊರತು ಅವು ಸಾಮಾನ್ಯವಾಗಿ ಕೊಳೆಯುವುದಿಲ್ಲ. ಕೊಳೆ ಮೊದಲು ಹತ್ತುವುದು, ಅಲೆ ಆಗೊಮ್ಮೆ ಈಗೊಮ್ಮೆ ಮಾತ್ರ ತಾಗುವ, ಮಳೆಯೂ ಬಿಸಿಲೂ ನೇರವಾಗಿ ಬೀಳುವ ಮೇಲಟ್ಟಕ್ಕೆ, ಎಂದರೆ ನಾವಿಕರು ಡೆಕ್ಕೆಂದು ಕರೆಯುವ ಭಾಗಕ್ಕೆ. ಸಮುದ್ರಕ್ಕೆಂದೇ ಕಟ್ಟಿದ ವಾಹನವು ಸಮುದ್ರದಿಂದ ಕೆಡದೆ ಆಕಾಶದಿಂದ ಬಿದ್ದ ಸಿಹಿನೀರಿನಿಂದ ಕೆಡುತ್ತದೆ.

ಅಟ್ಟದ ಹಳೆಯ ಬಣ್ಣ ಕಿತ್ತುಹೋಗಿ ಹೊಸ ಹೊದಿಕೆಯನ್ನು ಹುಡುಕಿಕೊಂಡು ಅಂಗಡಿಗೆ ಹೋಗುವವನು ಸಹಜವಾಗಿ ಕೇಳುವ ಪ್ರಶ್ನೆ, "ಎಲ್ಲಕ್ಕಿಂತ ಗಟ್ಟಿಯಾದದ್ದು ಯಾವುದು?" ಎಂಬುದು. ಮೇಲಿನ ಎರಡು ಒಗಟುಗಳನ್ನು ಬಿಡಿಸಿದ ಮೇಲೆ ಆ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಬೇಕಾಗಿದೆಯೆಂದು ವಾಚಕರಿಗೆ ತೋರಬಹುದು. ಅದಕ್ಕಾಗಿ ನಾವು ಮೊದಲು ಮರದೊಳಕ್ಕೆ ಹೋಗಬೇಕು.

ಮರ ಕುಡಿಯುವ ನೀರು

ಕಡಿದು, ಕೊಯ್ದು, ಒಣಗಿಸಿದ ಹಲಗೆಯು ಜೀವವಿಲ್ಲದ ವಸ್ತುವಾದರೂ ನಿಶ್ಚಲವಾದ ವಸ್ತುವಲ್ಲ. ಅದು ಅಸಂಖ್ಯಾತ ಸೂಕ್ಷ್ಮ ನಳಿಗೆಗಳ ಕಟ್ಟು. ಪ್ರತಿಯೊಂದು ನಳಿಗೆಯ ಗೋಡೆಯೂ ನಾರಿನಿಂದ ಆದದ್ದು. ಆ ನಾರುಗಳು ನೀರಿನ ಆವಿಯನ್ನು ಗಾಳಿಯಿಂದಲೇ ಸೆಳೆದುಕೊಳ್ಳಬಲ್ಲುವು. ಹೀಗೆ ಗೋಡೆಯೊಳಗೆ ಸೇರಿದ ನೀರು ನಾರುಗಳನ್ನು ಒಂದರಿಂದೊಂದನ್ನು ದೂರಕ್ಕೆ ತಳ್ಳುವುದರಿಂದ ಹಲಗೆ ಹಿಗ್ಗುತ್ತದೆ. ನೀರು ಹೊರಟುಹೋದಾಗ ಕುಗ್ಗುತ್ತದೆ. ಮರದ ಒಣತೂಕದ ಶೇಕಡ 28ರಿಂದ 30ರಷ್ಟು ನೀರು ಸೇರುವವರೆಗೆ ಈ ಹಿಗ್ಗುವಿಕೆ ನಡೆದು, ಆಮೇಲೆ ನಿಲ್ಲುತ್ತದೆ. ಗೋಡೆಗಳು ಸಾಕಷ್ಟು ಕುಡಿದು ತಣಿದ ಈ ಹಂತವನ್ನು 'ತಣಿವಿನ ಮಟ್ಟ' ಎನ್ನೋಣ. ಅದಕ್ಕೂ ಮಿಗಿಲಾದ ನೀರು ನಳಿಗೆಗಳ ಟೊಳ್ಳಿನಲ್ಲಿ ಸುಮ್ಮನೆ ನಿಂತಿರುತ್ತದೆ.

ಹಿಗ್ಗುವಿಕೆಯು ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿರುವುದಿಲ್ಲ. ಹಲಗೆಯ ಉದ್ದಕ್ಕೆ ಅದು ನಗಣ್ಯ. ಅಡ್ಡಕ್ಕೆ ಮಾತ್ರ ಗಣನೀಯ. ಅಡ್ಡದಲ್ಲಿಯೂ, ಕಾಂಡದ ವರ್ಷವಲಯಗಳನ್ನು ಅನುಸರಿಸಿ ನಡೆಯುವ ಚಲನೆಯು ತಿರುಳಿನಿಂದ ತೊಗಟೆಯ ಕಡೆಗೆ ನಡೆಯುವ ಚಲನೆಯ ಸುಮಾರು ಎರಡರಷ್ಟು. ಹಸಿಮರವು ಪೂರ್ಣವಾಗಿ ಒಣಗುವಾಗ ಬಿಳಿ ಓಕ್ ಮರವು ವಲಯದ ದಿಕ್ಕಿನಲ್ಲಿ ಶೇಕಡ 10.5ರಷ್ಟೂ, ತಿರುಳು-ತೊಗಟೆಯ ದಿಕ್ಕಿನಲ್ಲಿ 5.6ರಷ್ಟೂ ಕುಗ್ಗಿದರೆ, ತೇಗವು ಕ್ರಮವಾಗಿ 5.8 ಮತ್ತು 2.5ರಷ್ಟು ಮಾತ್ರ ಕುಗ್ಗುತ್ತದೆ. ಈ ನಾಲ್ಕು ಸಂಖ್ಯೆಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಶತಮಾನಗಳ ನೌಕಾನಿರ್ಮಾಣದ ವಿವೇಕವು ಅವುಗಳಲ್ಲಿ ಅಡಗಿದೆ. ವಲಯಗಳು ಮೇಲ್ಮೈಗೆ ಲಂಬವಾಗಿ ನಿಲ್ಲುವಂತೆ ಕೊಯ್ದ ಹಲಗೆಯನ್ನೇ ಅಟ್ಟಕ್ಕೆ ಆರಿಸಬೇಕೆಂದು ಅನುಭವಿಗಳಾದ ಆಚಾರಿಗಳು ಹಟ ಹಿಡಿಯುವುದಕ್ಕೆ ಕಾರಣ ಇದೇ: ಹಾಗೆ ಕೊಯ್ದಾಗ ಕಡಮೆ ಚಲನೆಯ ದಿಕ್ಕು ಹಲಗೆಯ ಅಗಲಕ್ಕೆ ಬರುತ್ತದೆ. ಆಷಾಢದ ಗಾಳಿಯಲ್ಲಿ ಶೇಕಡ 20ರಷ್ಟು ನೀರನ್ನು ಹಿಡಿದ ತೇಗದ ಅಟ್ಟವು ಮಾಘದ ಒಣಹವೆಯಲ್ಲಿ 12ಕ್ಕೆ ಇಳಿದರೆ, ಒಂದು ಮೀಟರ್ ಅಗಲದಲ್ಲಿ ಅದು ಒಳ್ಳೆಯ ಕೊಯ್ತದ ಹಲಗೆಯಾಗಿದ್ದರೆ ಆರೇಳು ಮಿಲಿಮೀಟರ್, ಅಲ್ಲವಾದರೆ ಹದಿನೈದು ಮಿಲಿಮೀಟರ್ ಕುಗ್ಗುತ್ತದೆ. ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟು ದಪ್ಪವುಳ್ಳ ಬಣ್ಣದ ಪೊರೆಯು ಇಂತಹ ನೆಲದ ಮೇಲೆ ಬಾಳಬೇಕಾಗಿದೆ.

ಬಿಸಿಲು ಮಾಡುವ ಕೆಲಸ

ಅಟ್ಟ ಹಾಳಾಗುವುದಕ್ಕೆ ಬಿಸಿಲೇ ಕಾರಣವೆಂಬ ಮಾತು ಪ್ರಚಲಿತವಾಗಿದೆ. ಅದು ಅರ್ಧಸತ್ಯ. ಮರದ ನಾರುಗಳನ್ನು ಪರಸ್ಪರ ಬಂಧಿಸಿರುವ ಕಂದುವರ್ಣದ ದ್ರವ್ಯವೊಂದಿದೆ; ರಸಾಯನವಿಜ್ಞಾನಿಗಳು ಅದನ್ನು ಲಿಗ್ನಿನ್ ಎನ್ನುತ್ತಾರೆ; ನಾವು 'ಮರದಂಟು' ಎಂದರೆ ಸಾಕು. ಸೂರ್ಯಪ್ರಕಾಶದಲ್ಲಿರುವ ನೇರಳಾತೀತ ಕಿರಣಗಳು ಈ ಅಂಟನ್ನು ಒಡೆಯುವುವು. ಒಡೆದ ಅಂಟು ಮಳೆಯಲ್ಲಿ ತೊಳೆದುಹೋಗಿ, ಬಿಡಿಬಿಡಿಯಾದ ಬಿಳಿಯ ನಾರು ಮಾತ್ರ ಮೇಲೆ ಉಳಿಯುತ್ತದೆ. ಹಳೆಯ ತೇಗದ ಬೂದುಬಣ್ಣಕ್ಕೆ ಇದೇ ಮುಖ್ಯ ಕಾರಣ. ಆದರೆ ಆ ಕಿರಣಗಳು ಮರದೊಳಕ್ಕೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೂ ಇಳಿಯಲಾರವು. ಹೊದಿಕೆಯಿಲ್ಲದ ಮೃದುಮರವೊಂದು ಬಿಸಿಲು ಮಳೆಗಳಿಗೆ ಸವೆಯುವುದು ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಎಂದು ಲೆಕ್ಕವಿದೆ. ಎರಡು ಅಂಗುಲ ದಪ್ಪದ ಹಲಗೆಗೆ ಇದೊಂದು ಗಂಡಾಂತರವೇ ಅಲ್ಲ.

ಗಂಡಾಂತರವಿರುವುದು ಆ ಅತ್ಯಲ್ಪ ಆಳದ ಮೇಲೆಯೇ ಅಂಟಿಕೊಂಡಿರುವ ಪಾರದರ್ಶಕವಾದ ವಾರ್ನಿಷಿಗೆ. ಕೆಟ್ಟ ಅಟ್ಟದಿಂದ ವಾರ್ನಿಷಿನ ಚಕ್ಕೆಯೊಂದನ್ನು ಉಗುರಿನಿಂದ ಎಬ್ಬಿಸಿ, ಮಗುಚಿ, ಬೆಳಕಿಗೆ ಹಿಡಿದು ನೋಡಿರಿ. ಮೇಲ್ಭಾಗ ಇನ್ನೂ ನಯವಾಗಿಯೇ ಇರುತ್ತದೆ. ಅಡಿಭಾಗದಲ್ಲಿ, ಕಣ್ಣಿಗೆ ಹತ್ತಿರ ತಂದಾಗ, ಕೂದಲಿಗಿಂತ ನವುರಾದ ನಾರಿನ ಎಳೆಗಳು ಸಾಲುಸಾಲಾಗಿ ಅಂಟಿಕೊಂಡಿರುವುದು ಕಾಣುತ್ತದೆ. ವಾರ್ನಿಷ್ ಮರವನ್ನು ಬಿಟ್ಟುಬಂದಿಲ್ಲ. ಮರದ ಹೊರಪದರವೇ ಮರವನ್ನು ಬಿಟ್ಟು ವಾರ್ನಿಷಿನೊಡನೆ ಬಂದಿದೆ. ಬೆಳಕು ವಾರ್ನಿಷನ್ನು ದಾಟಿಹೋಗಿ, ಅದರ ಕಾಲಡಿಯ ಮರದಂಟನ್ನು ಕಡಿದುಹಾಕಿದ್ದಕ್ಕೆ ಇದು ಪ್ರತ್ಯಕ್ಷ ಪ್ರಮಾಣ. ಕಿರಣಗಳನ್ನು ಹೀರುವ ದ್ರವ್ಯಗಳನ್ನು ಬೆರೆಸಿದ ಉತ್ತಮ ವಾರ್ನಿಷುಗಳು ಈ ಕಾರ್ಯವನ್ನು ತಡಮಾಡುವುವು, ತಪ್ಪಿಸಲಾರವು. ಬೆಳಕನ್ನು ಪೂರ್ಣವಾಗಿ ತಡೆಯುವ ಬಿಳಿ ಅಥವಾ ಬೂದು ವರ್ಣದ ಬಣ್ಣಗಳು ಈ ವಿಷಯದಲ್ಲಿ ಎಷ್ಟೋ ಮೇಲು. ಕೈಪಿಡಿ, ಬಾಗಿಲು ಮುಂತಾದ ಸಣ್ಣ ಭಾಗಗಳ ಸೌಂದರ್ಯಕ್ಕಾಗಿ ವಾರ್ನಿಷನ್ನು ಪದೇ ಪದೇ ಬಳಿಯುವ ಶ್ರಮವನ್ನು ಒಪ್ಪಿಕೊಳ್ಳಬಹುದು. ಕಾಲಿಟ್ಟು ನಡೆಯುವ ಅಟ್ಟಕ್ಕೆ ಅದು ಸಲ್ಲದು.

ಪೊರೆಯ ಅಡಿಯಲ್ಲಿ

ಈಗ ನಾವು ಮೂಲಪ್ರಶ್ನೆಗೆ ಬಂದಿದ್ದೇವೆ. ಬೆಳಕನ್ನು ತಡೆಯುವ ಗಟ್ಟಿಬಣ್ಣವನ್ನೇ ಬಳಿದೆವೆಂದು ಇಟ್ಟುಕೊಳ್ಳೋಣ. ಕಲಸಿ ಮುಚ್ಚದೆ ಬಿಟ್ಟ ಚಪಾತಿಹಿಟ್ಟಿನ ಮೇಲೆ ಒಣಗಿದ ಪೊರೆಯೊಂದು ಕಟ್ಟುವುದನ್ನು ಎಲ್ಲರೂ ಬಲ್ಲರು. ಆ ಉಂಡೆಯನ್ನು ಅಂಗೈಯಿಂದ ಮೆಲ್ಲನೆ ಅದುಮಿದರೆ, ಒಳಗಿನ ಹಿಟ್ಟು ಹರಡಿಕೊಳ್ಳುವುದೇ ಹೊರತು ಹರಿಯುವುದಿಲ್ಲ. ಮೇಲಿನ ಪೊರೆ ಮಾತ್ರ, ಗಟ್ಟಿಯಾಗಿರುವ ಕಾರಣದಿಂದಲೇ, ಗೆರೆಗೆರೆಯಾಗಿ ಬಿರಿಯುತ್ತದೆ. ಹಲಗೆಯ ಮೇಲಿನ ಗಡಸು ಬಣ್ಣಕ್ಕೂ ಇದೇ ಗತಿ. ಎರಡು ಹಲಗೆಗಳು ಕೂಡುವ ಸಂದಿಯಲ್ಲಿ ಚಲನೆ ಅತ್ಯಧಿಕವಾದುದರಿಂದ ಮೊದಲ ಬಿರುಕು ಅಲ್ಲಿಯೇ ಹುಟ್ಟುತ್ತದೆ.

ಬಿರುಕು ಕೂದಲೆಳೆಯಷ್ಟಿದ್ದರೂ ಸಾಕು. ಕಿರಿದಾದ ಸಂದಿಯು ನೀರನ್ನು ತಾನಾಗಿ ಒಳಕ್ಕೆ ಸೆಳೆಯುವುದು ಪ್ರಕೃತಿನಿಯಮ. ಸಂದಿ ಕಿರಿದಾದಷ್ಟೂ ಆ ಸೆಳೆತ ಪ್ರಬಲ. ಒಂದು ಮಳೆಯಲ್ಲಿ ದ್ರವರೂಪದಲ್ಲಿ ನಿಮಿಷಗಳೊಳಗೆ ಒಳಹೊಕ್ಕ ನೀರು ಹೊರಬರಬೇಕಾದರೆ ಆವಿಯಾಗಬೇಕು. ಆವಿಗೆ ದಾರಿಯಾದರೋ ಅದೇ ಕೂದಲೆಳೆಯ ಬಿರುಕು, ಇಲ್ಲವೆ ಆವಿಯನ್ನು ತಡೆಯುವುದಕ್ಕೆಂದೇ ನಾವು ಬಳಿದ ಬಣ್ಣ. ನಿಮಿಷಗಳಲ್ಲಿ ಬಂದದ್ದು ವಾರಗಳಾದರೂ ಹೋಗದು. ಅಷ್ಟರಲ್ಲಿ ಮತ್ತೊಂದು ಮಳೆ ಬಂದಿರುತ್ತದೆ. ಬಿಸಿಲೇರಿದಾಗ ಒಳಗಿನ ಆವಿ ಹಿಗ್ಗಿ ಬಣ್ಣವನ್ನು ಮೇಲಕ್ಕೆತ್ತಿ ಹೊಪ್ಪಳೆಯಾಗಿಸುತ್ತದೆ; ಹೊಪ್ಪಳೆ ಒಡೆದಲ್ಲಿ ನೀರಿಗೆ ಇನ್ನಷ್ಟು ವಿಶಾಲವಾದ ಬಾಗಿಲು ತೆರೆಯುತ್ತದೆ.

ಮರವನ್ನು ಕೊಳೆಸುವುದು ನೀರಲ್ಲ, ಶಿಲೀಂಧ್ರ. ಮರದಲ್ಲಿ ನೀರು ಶೇಕಡ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ತಣಿವಿನ ಮಟ್ಟದ ಆಸುಪಾಸಿಗೆ ಬಂದಾಗ ಹುಲುಸಾಗಿ ಬೆಳೆಯುತ್ತದೆ. ಜೊತೆಗೆ ಅದಕ್ಕೆ ಗಾಳಿ ಬೇಕು. ಉಪ್ಪು ಅದಕ್ಕೆ ಆಗದು. ಮುಳುಗಿದ ತಳದಲ್ಲಿ ಗಾಳಿಯ ಅಭಾವ, ಉಪ್ಪಿನ ಬಾಹುಳ್ಯ. ಬಣ್ಣದ ಪೊರೆಯ ಅಡಿಯಲ್ಲಾದರೋ ಸಿಹಿನೀರು, ಗಾಳಿ, ಬೆಚ್ಚನೆಯ ನೆರಳು, ಮೂರೂ ಒದಗಿವೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ನೌಕಾಶಿಲ್ಪಿಗಳು ಹಡಗಿನ ಪಕ್ಕೆಲುಬುಗಳ ನಡುವೆ ಕಲ್ಲುಪ್ಪನ್ನು ತುಂಬುತ್ತಿದ್ದುದೂ, ಹಾಯಿಹಡಗಿನ ನಾವಿಕರು ಪ್ರತಿದಿನ ಬೆಳಗ್ಗೆ ಅಟ್ಟವನ್ನು ಕಡಲ ನೀರಿನಿಂದಲೇ ತೊಳೆಯುತ್ತಿದ್ದುದೂ ಈ ಅನುಭವದ ಫಲ. ತೊಳೆಯುವುದರಿಂದ ಹಲಗೆಗಳು ಸದಾ ಹಿಗ್ಗಿದ ಸ್ಥಿತಿಯಲ್ಲಿದ್ದು ಸಂದಿಗಳು ಬಿಗಿಯಾಗಿರುತ್ತಿದ್ದುವು. ಉಪ್ಪಿನಿಂದ ಶಿಲೀಂಧ್ರ ದೂರವಿರುತ್ತಿತ್ತು.

ಹೊದಿಕೆಯಿಲ್ಲದ ಕಂಬದ ಗುಟ್ಟು ಈಗ ಸ್ಪಷ್ಟವಾಯಿತಷ್ಟೆ. ಅದು ಮೈಯೆಲ್ಲ ನೆನೆಯುತ್ತದೆ, ಮೈಯೆಲ್ಲ ಒಣಗುತ್ತದೆ. ಒಳಬರುವ ದಾರಿ ಎಷ್ಟು ಅಗಲವೋ ಹೊರಹೋಗುವ ದಾರಿಯೂ ಅಷ್ಟೇ ಅಗಲ.

ತೇಗವೆಂಬ ವಿಶೇಷ

1810ರಲ್ಲಿ ಇಂಗ್ಲೆಂಡಿನಲ್ಲಿ ಓಕ್ ಮರದಿಂದ ಕಟ್ಟಿ ನೀರಿಗಿಳಿಸಿದ 'ಕ್ವೀನ್ ಷಾರ್ಲೆಟ್' ಎಂಬ ಯುದ್ಧನೌಕೆಯ ಮೇಲ್ಭಾಗವು ಒಂದೆರಡು ವರ್ಷಗಳಲ್ಲಿಯೇ ಕೊಳೆತು ದುರಸ್ತಿಗೆ ಬಂದಿತು. ಏಳು ವರ್ಷಗಳ ತರುವಾಯ, 1817ರಲ್ಲಿ, ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರಸಿ ಶಿಲ್ಪಿಗಳು ಮಲಬಾರಿನ ತೇಗದಿಂದ ಕಟ್ಟಿದ 'ಟ್ರಿಂಕಾಮಲಿ' ಎಂಬ ನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ ನೀರಿನ ಮೇಲೆ ತೇಲುತ್ತಿದೆ. ಇದರಲ್ಲಿ ಶಿಲ್ಪಿಗಳ ಕೌಶಲಕ್ಕೆ ಸಲ್ಲುವ ಪಾಲು ದೊಡ್ಡದು. ಪಶ್ಚಿಮಘಟ್ಟದ ಮರಕ್ಕೆ ಸಲ್ಲುವ ಪಾಲೂ ಚಿಕ್ಕದಲ್ಲ.

ತೇಗದ ಚಲನೆ ಓಕಿನ ಅರ್ಧದಷ್ಟೆಂಬುದನ್ನು ಮೇಲಿನ ಸಂಖ್ಯೆಗಳಲ್ಲಿ ಕಂಡೆವು. ಅದಲ್ಲದೆ, ಅದರ ತಿರುಳಿನಲ್ಲಿ ಎಣ್ಣೆಯಂತಹ ಹಾಗೂ ರಬ್ಬರಿನಂತಹ ದ್ರವ್ಯಗಳೂ, ಶಿಲೀಂಧ್ರಕ್ಕೂ ಗೆದ್ದಲಿಗೂ ವಿಷಪ್ರಾಯವಾದ ಕೆಲವು ರಾಸಾಯನಿಕಗಳೂ ಸ್ವಭಾವತಃ ಸೇರಿರುವುವು. ಎಂದರೆ ಹೊರಗಿನ ಪೊರೆಯು ಮಾಡಬೇಕಾದ ಕಾರ್ಯವನ್ನು ಮರವು ಒಳಗಿನಿಂದಲೇ ಮಾಡಿಕೊಳ್ಳುತ್ತದೆ. 1945ರ ಸೆಪ್ಟೆಂಬರ್ 2ರಂದು ಜಪಾನಿನ ಶರಣಾಗತಿಗೆ ಸಹಿ ಬಿದ್ದ 'ಮಿಸ್ಸೂರಿ' ನೌಕೆಯು ಉಕ್ಕಿನ ದೈತ್ಯವಾಗಿದ್ದರೂ ಅದರ ಅಟ್ಟಕ್ಕೆ ಹಾಸಿದ್ದುದು ತೇಗವನ್ನೇ.

ಆದುದರಿಂದ ತಮ್ಮ ದೋಣಿಯ ಅಟ್ಟ ಈಗಾಗಲೇ ತೇಗದ್ದಾಗಿರುವ ಭಾಗ್ಯವಂತರಿಗೆ ನನ್ನ ಸಲಹೆ ಸರಳ: ಏನನ್ನೂ ಬಳಿಯಬೇಡಿರಿ. ಸಂದಿಗಳ ಹಳೆಯ ತುಂಬುವಸ್ತುವನ್ನು ಕಿತ್ತು, ರಬ್ಬರಿನಂತೆ ಎಳೆದರೆ ಹಿಗ್ಗುವ ಹೊಸದನ್ನು ತುಂಬಿಸಿರಿ; ಮೆತ್ತನೆಯ ಕುಂಚದಿಂದ, ನಾರಿಗೆ ಅಡ್ಡಲಾಗಿ, ಉಪ್ಪುನೀರಿನಲ್ಲಿ ತೊಳೆಯಿರಿ. ನಾರಿನ ಉದ್ದಕ್ಕೆ ಬಿರುಸಾಗಿ ಉಜ್ಜಿದರೆ, ಅಥವಾ ಈಚೆಗೆ ರೂಢಿಗೆ ಬಂದಿರುವ ಒತ್ತಡದ ನೀರುಕೊಳವೆಯನ್ನು ಹಿಡಿದರೆ, ವಲಯಗಳ ನಡುವಿನ ಮೃದುಭಾಗ ಕೊಚ್ಚಿಹೋಗಿ, ಬಿಸಿಲು ನೂರು ವರ್ಷಗಳಲ್ಲಿ ಮಾಡುವ ಸವೆತವನ್ನು ನಾವೇ ಕೆಲವು ವರ್ಷಗಳಲ್ಲಿ ಮಾಡಿ ಮುಗಿಸುವೆವು.

ಹೊಸದಾಗಿ ತೇಗವನ್ನು ತರಿಸಿ ಹಾಸಬೇಕೆಂಬವರಿಗೆ ಹೇಳುವ ಮಾತು ಬೇರೆ. ಸ್ವಾಭಾವಿಕ ಅರಣ್ಯದ ಹಳೆಯ ತೇಗವು ಎಲ್ಲೆಡೆಯೂ ಕ್ಷೀಣಿಸಿದೆ. ಮ್ಯಾನ್ಮಾರ್ ದೇಶವು 2014ರಲ್ಲಿ ಇಡೀ ದಿಮ್ಮಿಗಳ ರಫ್ತನ್ನೇ ನಿಷೇಧಿಸಬೇಕಾಯಿತು. ದಾಂಡೇಲಿಯ ಅರಣ್ಯದಲ್ಲಿ ಮುಗಿಲಿಗೆ ಮುಖವೆತ್ತಿ ನಿಂತಿರುವ ಹಳೆಯ ತೇಗವನ್ನು ಕಂಡವರಿಗೆ, ಬೇರೆ ಉಪಾಯವಿರುವಾಗ ಅಂತಹ ಮರವನ್ನು ಕಾಲಡಿಗೆ ಹಾಸಬೇಕೆಂಬ ಆಸೆ ಬರಬಾರದು. ಉಪಾಯವಿದೆ.

ಅಡಿಯಲ್ಲಿ ಏನಿದೆ ಎಂಬುದೇ ಮೊದಲ ಪ್ರಶ್ನೆ

ಹೊದಿಕೆಯ ಬಾಳಿಕೆಯು ಹೊದಿಕೆಯ ಗುಣವೊಂದನ್ನೇ ಅವಲಂಬಿಸಿಲ್ಲ. ಅಡಿಯ ವಸ್ತು ಎಷ್ಟು ಚಲಿಸುತ್ತದೆ, ಹೊದಿಕೆಯು ಆ ಚಲನೆಗೆ ಎಷ್ಟು ಒಲಿಯುತ್ತದೆ ಎಂಬುದನ್ನು ಅವಲಂಬಿಸಿದೆ. ಹೆಬ್ಬಲಸು ಮುಂತಾದ ಮರಗಳ ಬಿಡಿಹಲಗೆಗಳಿಂದ ಆದ ಅಟ್ಟದ ಮೇಲೆ ಗಾಜುನಾರಿನ ಬಟ್ಟೆಯನ್ನು ಹಾಸಿ, ಎಪಾಕ್ಸಿ ಎಂಬ ಗಟ್ಟಿಗೊಳ್ಳುವ ಅಂಟಿನಿಂದ ಮೆತ್ತುವ ರೂಢಿ ಇದೆ. ಕಾರ್ಯ ಮುಗಿದ ದಿನ ಅದು ನೋಡಲು ಅತಿ ಮನೋಹರ. ಆದರೆ ದಪ್ಪವಾದ ಬಿಡಿಹಲಗೆಗಳು ಹಿಗ್ಗುವ ಬಲಕ್ಕೆ ಆ ತೆಳುಗವಚ ಎದುರಾಗಲಾರದು. ಸಂದಿಯ ಮೇಲೆ ಅದು ಬಿರಿದ ಕ್ಷಣದಿಂದ, ಮೇಲೆ ವರ್ಣಿಸಿದ ನಾಟಕದ ಎಲ್ಲ ಅಂಕಗಳೂ ಕ್ರಮವಾಗಿ ನಡೆಯುವುವು. ಕವಚ ಎಷ್ಟು ಗಟ್ಟಿಯೋ, ಒಳಗಿನ ಕೊಳೆ ಅಷ್ಟು ಕಾಲ ಗುಪ್ತವಾಗಿರುತ್ತದೆ.

ಇಂತಹ ಅಟ್ಟಕ್ಕೆ ಹಿಂದಿನವರು ಎರಡು ಮಾರ್ಗಗಳನ್ನು ಕಂಡುಕೊಂಡಿದ್ದರು. ಯೂರೋಪಿನ ಸಣ್ಣ ನೌಕೆಗಳವರು ದಪ್ಪ ಹಾಯಿಬಟ್ಟೆಯನ್ನು ಬಿಗಿಯಾಗಿ ಹಾಸಿ ಎಣ್ಣೆಬಣ್ಣವನ್ನು ಕುಡಿಸುತ್ತಿದ್ದರು; ಬಟ್ಟೆ ಹಲಗೆಗಳೊಡನೆ ಸ್ವಲ್ಪಮಟ್ಟಿಗೆ ಸರಿದಾಡಬಲ್ಲುದು. ನಮ್ಮ ಪಡುಗರೆಯವರು ಮೀನೆಣ್ಣೆಯನ್ನೂ ಗೇರುಬೀಜದ ಸಿಪ್ಪೆಯಿಂದ ಇಳಿಸಿದ ಕಪ್ಪೆಣ್ಣೆಯನ್ನೂ ಮರಕ್ಕೆ ತಿಕ್ಕುತ್ತಿದ್ದರು. ಎಣ್ಣೆಯು ಪೊರೆಯಾಗದೆ ನಳಿಗೆಗಳೊಳಕ್ಕೆ ಇಳಿಯುವುದರಿಂದ, ನೀರು ಬರುವುದನ್ನು ನಿಧಾನಗೊಳಿಸುತ್ತದೆ, ಹೋಗುವುದನ್ನು ನಿಲ್ಲಿಸುವುದಿಲ್ಲ. ಅದನ್ನು ಮತ್ತೆ ಮತ್ತೆ ಹಚ್ಚಬೇಕಾಗುವುದು ನಿಜ; ಆದರೆ ಮರವು ಉಸಿರುಕಟ್ಟುವುದಿಲ್ಲ. ವರ್ಷಕ್ಕೆ ಎರಡು ಮೂರು ಸಲ ಈ ಶ್ರಮಕ್ಕೆ ಸಿದ್ಧರಾದವರಿಗೆ ಇದು ಇಂದಿಗೂ ಉತ್ತಮ ಮಾರ್ಗವೆಂದು ನನ್ನ ಅಭಿಪ್ರಾಯ.

ಸಿದ್ಧರಲ್ಲದವರು ಅಡಿಯ ವಸ್ತುವನ್ನೇ ಬದಲಿಸಬೇಕು. ಪ್ಲೈವುಡ್ ಹಾಳೆಯಲ್ಲಿ ಒಂದು ಪದರದ ನಾರು ಉದ್ದಕ್ಕೂ ಅದರ ಕೆಳಗಿನ ಪದರದ ನಾರು ಅಡ್ಡಕ್ಕೂ ಇರುತ್ತದೆ. ಮರವು ಉದ್ದಕ್ಕೆ ಚಲಿಸುವುದಿಲ್ಲವೆಂದು ಆಗಲೇ ಹೇಳಿದೆನಷ್ಟೆ. ಆದಕಾರಣ ಪ್ರತಿಯೊಂದು ಪದರವೂ ತನ್ನ ನೆರೆಯ ಪದರದ ಹಿಗ್ಗುವಿಕೆಗೆ ಕಟ್ಟಾಗಿ ನಿಂತು, ಇಡೀ ಹಾಳೆ ಹೆಚ್ಚುಕಡಮೆ ನಿಶ್ಚಲವಾಗುತ್ತದೆ. ಗಡಸು ಕವಚಕ್ಕೆ ಬೇಕಾದ ನೆಲ ಇದು. ನಮ್ಮ ದೇಶದಲ್ಲಿ ನೌಕೆಗೆ ಯೋಗ್ಯವಾದ ಪ್ಲೈವುಡ್ಡಿನ ಮೇಲೆ ಐಎಸ್ 710 ಎಂಬ ಮಾನಕದ ಮುದ್ರೆ ಇರುತ್ತದೆ. ಅದಿಲ್ಲದ ಹಾಳೆಯನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ಕೊಳ್ಳಲಾಗದು. ಸಂದಿಗಳು ಸಡಿಲಾದ ಹಳೆಯ ಅಟ್ಟದ ಕೊಳೆತ ಹಲಗೆಗಳನ್ನು ತೆಗೆದು, ಉಳಿದುದನ್ನು ಒಣಗಿಸಿ, ಅದರ ಮೇಲೆ ಇಂತಹ ಹಾಳೆಯನ್ನು ಕೂರಿಸಿ, ಗಾಜುನಾರಿನ ಬಟ್ಟೆಯನ್ನು ಎಪಾಕ್ಸಿಯಿಂದ ಮೆತ್ತಿ, ಕೊನೆಗೆ ಎರಡು ದ್ರವಗಳನ್ನು ಬೆರೆಸಿ ಬಳಿಯುವ ಪಾಲಿಯುರಿಥೇನ್ ಬಣ್ಣವನ್ನು ಕೊಟ್ಟರೆ, ಇಂದು ದೊರೆಯುವ ಹೊದಿಕೆಗಳಲ್ಲಿ ಅದನ್ನು ಮೀರಿಸುವುದು ಕಷ್ಟ. ಕೊನೆಯ ಬಣ್ಣ ಅಲಂಕಾರಕ್ಕಲ್ಲ: ಎಪಾಕ್ಸಿ ನೀರಿಗೆ ಅಭೇದ್ಯವಾದರೂ ಬಿಸಿಲಿಗೆ ಸೋತು ಸುಣ್ಣದಂತೆ ಪುಡಿಯಾಗುವ ಸ್ವಭಾವವುಳ್ಳದ್ದು. ಆ ಬಣ್ಣ ತಿಳಿಬಣ್ಣವಾಗಿರಲಿ. ಕಡುಬಣ್ಣದ ಅಟ್ಟ ನಮ್ಮ ಬೇಸಗೆಯಲ್ಲಿ 60 ಡಿಗ್ರಿ ಸೆಂಟಿಗ್ರೇಡನ್ನು ದಾಟಬಲ್ಲುದು. ಅನೇಕ ಎಪಾಕ್ಸಿಗಳು ಅಷ್ಟರಲ್ಲಿ ಮೆತ್ತಗಾಗತೊಡಗುವುವು. ಬರಿಗಾಲಿನ ಮೀನುಗಾರನ ಪಾಡನ್ನಂತೂ ಹೇಳಬೇಕಾಗಿಲ್ಲ.

ಇಡೀ ದೋಣಿಯೇ ಗಾಜುನಾರಿನದಾಗಿದ್ದರೆ ಅಟ್ಟ ಚಲಿಸುವ ಪ್ರಶ್ನೆ ಇಲ್ಲ. ಹಳೆಯ ಮೇಲ್ಮೈಯನ್ನು ಮರಳುಕಾಗದದಿಂದ ಒರಟಾಗಿಸಿ ಬಣ್ಣ ಕೊಟ್ಟರೆ ಸಾಕು. ಶೋಭೆಗಾಗಿ ಅದರ ಮೇಲೆ ತೇಗದ ಪಟ್ಟಿಗಳನ್ನು ತಿರುಪುಮೊಳೆಗಳಿಂದ ಜಡಿಯುವುದು ಮಾತ್ರ ವಿವೇಕವಲ್ಲ. ಒಂದೊಂದು ಮೊಳೆಯೂ ನೀರಿಗೆ ಒಂದೊಂದು ದಾರಿ. ಒಳಪದರದಲ್ಲಿ ಹಗುರವಾದ ಬಾಲ್ಸಾ ಮರವನ್ನಿಟ್ಟ ದೋಣಿಗಳಲ್ಲಿ ಆ ಮರ ಕೆಸರಿನಂತಾಗುವವರೆಗೆ ಹೊರಗೆ ಏನೂ ತಿಳಿಯದು.

ಕಾಲಿನ ಹಿಡಿತ

ಎಷ್ಟೇ ಬಾಳಿಕೆ ಬಂದರೂ ಜಾರುವ ಅಟ್ಟ ಅಪಾಯಕರ. ಒದ್ದೆಯಾದ ನುಣುಪುನೆಲದ ಮೇಲೆ ಕಾಲಿಗೂ ನೆಲಕ್ಕೂ ನಡುವೆ ನೀರಿನ ತೆಳುಪದರವೊಂದು ಸಿಕ್ಕಿಕೊಳ್ಳುತ್ತದೆ. ನಾವು ನಡೆಯುವುದು ನೆಲದ ಮೇಲಲ್ಲ, ಆ ನೀರಿನ ಮೇಲೆ. ಚೂಪುಮೊನೆಯ ಕಣಗಳು ಆ ಪದರವನ್ನು ಭೇದಿಸಿ ಕಾಲಿಗೆ ತಾಗುವುವು. ನೀರು ಅವುಗಳ ನಡುವಿನ ತಗ್ಗುಗಳಿಗೆ ಸರಿಯುತ್ತದೆ. ಆದಕಾರಣ ಬಣ್ಣದ ಕೊನೆಯ ಪದರಕ್ಕಿಂತ ಹಿಂದಿನ ಪದರ ಹಸಿಯಾಗಿರುವಾಗಲೇ, ಸಿಹಿನೀರಿನಲ್ಲಿ ತೊಳೆದು ಒಣಗಿಸಿ ಜರಡಿ ಹಿಡಿದ ಮರಳನ್ನು ಅಟ್ಟ ಕಾಣದಷ್ಟು ದಟ್ಟವಾಗಿ ಎರಚಿ, ಬಣ್ಣ ಗಟ್ಟಿಯಾದ ಮೇಲೆ ಅಂಟದೆ ಉಳಿದುದನ್ನು ಗುಡಿಸಿ, ಮೇಲೊಂದು ಪದರ ಬಳಿಯುತ್ತಾರೆ. ಸ್ವಲ್ಪ ಸ್ವಲ್ಪವಾಗಿ ಉದುರಿಸಿದರೆ ಮರಳು ಗುಂಪುಗುಂಪಾಗಿ ಬಿದ್ದು ನಡುನಡುವೆ ಜಾರುವ ಬಯಲುಗಳು ಉಳಿಯುವುವು.

ಕಾಲ, ಅಂಚು, ರಂಧ್ರ

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷಿದ್ಧ. ದೋಣಿ ದಡದಲ್ಲಿರುವುದು ಆಗಲೇ ಆದ್ದರಿಂದ ದುರಸ್ತಿಗೆ ಅದೇ ಸಮಯವೆಂದು ತೋರುತ್ತದೆ. ಆದರೆ ವರ್ಷದಲ್ಲಿ ಮರವು ಅತ್ಯಧಿಕ ನೀರನ್ನು ಹಿಡಿದಿರುವುದೂ ಆ ತಿಂಗಳುಗಳಲ್ಲಿಯೇ. ಶೇಕಡ 20ರಷ್ಟು ನೀರಿರುವ ಮರದ ಮೇಲೆ ಅಭೇದ್ಯವಾದ ಕವಚವನ್ನು ಮೆತ್ತುವುದೆಂದರೆ ಶತ್ರುವನ್ನು ಕೋಟೆಯೊಳಗಿಟ್ಟು ಬಾಗಿಲು ಹಾಕಿದಂತೆ. ಎಪಾಕ್ಸಿಯ ಕೆಲಸಕ್ಕೆ ಮರ 12ರ ಆಸುಪಾಸಿಗೆ ಇಳಿದಿರಬೇಕು; ಅಷ್ಟು ಒಣಗುವುದು ನಮ್ಮಲ್ಲಿ ಪುಷ್ಯ, ಮಾಘಗಳಲ್ಲಿ. ಮೀನಿನ ಸುಗ್ಗಿಯ ಕೆಲವು ದಿನಗಳನ್ನು ಬಿಟ್ಟುಕೊಟ್ಟು ಆ ಕಾಲದಲ್ಲಿ ದೋಣಿಯನ್ನು ಮೇಲಕ್ಕೆಳೆಯುವುದು ಮಾಲೀಕರಿಗೆ ನಷ್ಟವೆಂಬುದನ್ನು ನಾನು ಬಲ್ಲೆ. ಅದು ಸಾಧ್ಯವಿಲ್ಲದವರು ಮಳೆಗಾಲದಲ್ಲಿ ಮರಗೆಲಸವನ್ನಷ್ಟೇ ಮಾಡಿ, ಎಣ್ಣೆ ತಿಕ್ಕಿ, ಕವಚದ ಯೋಚನೆಯನ್ನು ಬಿಡುವುದು ಲೇಸು.

ಕೆಲಸ ಆರಂಭಿಸಿದವರು ಅಟ್ಟದ ವಿಶಾಲವಾದ ಮೈಯಿಗಿಂತ ಅದರ ಅಂಚುಗಳ ಕಡೆಗೆ ಹೆಚ್ಚು ಗಮನವನ್ನು ಕೊಡಬೇಕು. ನಳಿಗೆಗಳ ಬಾಯಿ ತೆರೆದಿರುವುದು ಹಲಗೆಯ ತುದಿಯಲ್ಲಿ. ಪಕ್ಕದಿಂದ ಹೋಗುವುದಕ್ಕಿಂತ ಎಷ್ಟೋ ಪಾಲು ವೇಗವಾಗಿ ನೀರು ಅಲ್ಲಿಂದ ಒಳಹೋಗುತ್ತದೆ. ಪ್ಲೈವುಡ್ಡಿನ ನಾಲ್ಕು ಅಂಚುಗಳಿಗೂ ತೆಳುವಾದ ಎಪಾಕ್ಸಿಯನ್ನು, ಅದು ಹೀರುವುದನ್ನು ನಿಲ್ಲಿಸುವವರೆಗೆ, ಮೇಲಿಂದ ಮೇಲೆ ಕುಡಿಸಬೇಕು. ಹಗ್ಗ ಕಟ್ಟುವ ಗೂಟ, ಕಂಬಿ, ರಾಟೆಗಳನ್ನು ಕೂರಿಸುವ ರಂಧ್ರಗಳನ್ನು ಮೊದಲು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿಯಿಂದ ಪೂರ್ತಿ ತುಂಬಿ, ಅದು ಕಲ್ಲಾದ ಮೇಲೆ ಅದರ ನಡುವೆ ಮೊಳೆಯ ಅಳತೆಯ ರಂಧ್ರವನ್ನು ಮತ್ತೆ ಕೊರೆಯಬೇಕು. ಹೀಗೆ ಮಾಡಿದರೆ ಮೊಳೆಯ ಸುತ್ತ ಒಂದು ದಿನ ನೀರು ಇಳಿದರೂ ಅದು ಎಪಾಕ್ಸಿಯ ಗೋಡೆಯನ್ನು ತಾಗಿ ಕೆಳಗೆ ತೊಟ್ಟಿಕ್ಕುವುದಲ್ಲದೆ ಮರದ ನಾರನ್ನು ಮುಟ್ಟುವುದಿಲ್ಲ.